ಆಯಿತೋ, ಮಾಡಿಸಿದ್ದೋ? ಆಸ್ಪತ್ರೆಯ ಒಂದು ಪದ ಮತ್ತು ನಮ್ಮ ಮನಸ್ಸಾಕ್ಷಿ



ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ರೇಷನ್ ಕಾರ್ಡು, ಜಮೀನಿನ ಪಟ್ಟಾ, ಜ್ಞಾನಸ್ನಾನದ ಸರ್ಟಿಫಿಕೇಟುಗಳ ಜೊತೆಗೆ ಆಸ್ಪತ್ರೆಯ ಒಂದು ಹಳೆಯ ಫೈಲೂ ಇರುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಸ್ಕ್ಯಾನ್ ಚಿತ್ರ, ರಕ್ತಪರೀಕ್ಷೆಯ ಚೀಟಿ, ಡಿಸ್ಚಾರ್ಜ್ ಆದಾಗ ಕೊಟ್ಟ ಹಾಳೆ. ಮನೆಯ ಹೆಂಗಸರು ಅದನ್ನು ಎಸೆಯುವುದಿಲ್ಲ, ಓದುವುದೂ ಇಲ್ಲ. ಇಂಗ್ಲಿಷಿನಲ್ಲಿ ಇರುವುದರಿಂದ ಓದಲು ಬರುವುದಿಲ್ಲ. ಮುಂದೆ ಎಂದೋ ಒಂದು ದಿನ ಕಾಲೇಜಿಗೆ ಹೋಗುವ ನಾದಿನಿಯೋ ಮೈದುನನೋ ಅದನ್ನು ಬಿಚ್ಚಿ ನೋಡುತ್ತಾರೆ. 'ಅತ್ತಿಗೆ, ಇದರಲ್ಲಿ ಅಬಾರ್ಷನ್ ಅಂತ ಬರೆದಿದೆಯಲ್ಲ?' ಎಂದು ಕೇಳುತ್ತಾರೆ. ಮೂರನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡು ಅತ್ತು ಸುಮ್ಮನಾಗಿದ್ದ ಆ ತಾಯಿಗೆ ಅಂದಿನಿಂದ ಹೊಸದೊಂದು ಸಂಕಟ ಶುರುವಾಗುತ್ತದೆ. ದೇವಾಲಯದಲ್ಲಿ ಅದನ್ನೇ ಘೋರ ಪಾಪವೆಂದು ಕೇಳಿದ್ದಾರೆ. ತಮ್ಮ ಹೆಸರಿನ ಕಾಗದದಲ್ಲೇ ಆ ಪದ ಇದೆ. ಹಾಗಾದರೆ ನನಗೇ ತಿಳಿಯದೆ ನಾನು ಏನು ಮಾಡಿಬಿಟ್ಟೆ ಎಂದು ಅವರು ಒಳಗೊಳಗೇ ಬೇಯುತ್ತಾರೆ. ಪ್ರಸಾದ ಸ್ವೀಕರಿಸಲು ಮುಂದೆ ಬರದೆ ಕೊನೆಯ ಬೆಂಚಿನಲ್ಲೇ ಕೂತು ಬಿಡುವವರೂ ಉಂಟು.

ಕಾಗದದ ಮೇಲಿನ ಒಂದು ಪದಕ್ಕೆ ಒಬ್ಬ ತಾಯಿಯ ಮನಸ್ಸಾಕ್ಷಿಯ ಮೇಲೆ ಇಷ್ಟು ಅಧಿಕಾರ ಇದೆಯೇ? ಪದದ ಅರ್ಥ ತಿಳಿದವರಿಗೆ ಅದನ್ನು ಬಿಡಿಸಿ ಹೇಳುವ ಹೊಣೆ ಇಲ್ಲವೇ? ಈ ತಿಂಗಳು ಈ ಎರಡು ಪ್ರಶ್ನೆಗಳನ್ನು ನಾವೆಲ್ಲರೂ ಸೇರಿ ಯೋಚಿಸೋಣ.

ಮೂರು ಭಾಷೆಗಳ ನಡುವೆ ಒಬ್ಬ ಬಸುರಿ

ತಾಳವಾಡಿ ಕಡೆಯ ನಮ್ಮ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಮನೆಯ ಮಾತು ಕನ್ನಡ. ಹೆರಿಗೆಗೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ ಈರೋಡಿಗೋ ಹೋದರೆ ಅಲ್ಲಿ ತಮಿಳು. ಗಡಿ ದಾಟಿ ಚಾಮರಾಜನಗರಕ್ಕೆ ಹೋದರೆ ಮಾತು ಕನ್ನಡವೇ, ಆದರೆ ಕಾಗದ ಇಂಗ್ಲಿಷು. ನಮ್ಮ ಧರ್ಮಪ್ರಾಂತ್ಯದಲ್ಲಿ ಬಲಿಪೂಜೆಗೆ ಯಾವ ಭಾಷೆ ಎಂಬುದನ್ನು ಕೂತು ಮಾತಾಡಿ ತೀರ್ಮಾನಿಸುತ್ತೇವೆ. ಹೆರಿಗೆ ವಾರ್ಡಿನಲ್ಲಿ ಯಾವ ಭಾಷೆ ಎಂದು ಯಾರೂ ನಮ್ಮನ್ನು ಕೇಳುವುದಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ನರ್ಸಮ್ಮ ತಮಿಳಿನಲ್ಲಿ ಹೇಳುತ್ತಾರೆ, ಗಂಡ ಅದನ್ನು ಅರ್ಧ ಅರ್ಥ ಮಾಡಿಕೊಂಡು ಕನ್ನಡದಲ್ಲಿ ಹೆಂಡತಿಗೆ ತಿಳಿಸುತ್ತಾರೆ. ಇಷ್ಟು ಕೈ ದಾಟಿ ಬರುವಾಗ ಪದ ಉಳಿಯುತ್ತದೆ, ಅರ್ಥ ದಾರಿಯಲ್ಲೇ ಉದುರಿಹೋಗುತ್ತದೆ.

ವೈದ್ಯರು ಆ ಪದದಿಂದ ಏನು ಹೇಳುತ್ತಾರೆ?

ಮಗು ಹೊರಗೆ ಬದುಕುವಷ್ಟು ಬೆಳೆಯುವ ಮೊದಲೇ, ಸಾಮಾನ್ಯವಾಗಿ 20 ವಾರಗಳ ಒಳಗೆ, ಗರ್ಭ ಕೊನೆಗೊಂಡರೆ ವೈದ್ಯಶಾಸ್ತ್ರದ ಹಳೆಯ ಪುಸ್ತಕಗಳು ಅದನ್ನು 'ಅಬಾರ್ಷನ್' ಎನ್ನುತ್ತವೆ. ಅದು ತಾನಾಗಿ ಆದರೂ ಅದೇ ಹೆಸರು, ಯಾರಾದರೂ ಮಾಡಿಸಿದರೂ ಅದೇ ಹೆಸರು. ವ್ಯತ್ಯಾಸ ತೋರಿಸುವುದು ಅದರ ಹಿಂದೆ ಸೇರಿಸುವ ಇನ್ನೊಂದು ಪದ. ನಮ್ಮ ಮನೆಗಳಲ್ಲಿ ಆ ಮುಂದಿನ ಪದವನ್ನು ಯಾರೂ ಓದುವುದಿಲ್ಲ, ಓದಿದರೂ ತಪ್ಪಾಗಿ ಓದುತ್ತೇವೆ.

'ಸ್ಪಾಂಟೇನಿಯಸ್ ಅಬಾರ್ಷನ್' ಎಂದರೆ ತಾನಾಗಿ ಆದದ್ದು.

'ಥ್ರೆಟನ್ಡ್ ಅಬಾರ್ಷನ್' ಎಂದರೆ ರಕ್ತ ಕಾಣಿಸಿಕೊಂಡಿದೆ, ಗರ್ಭಕ್ಕೆ ಅಪಾಯದ ಸೂಚನೆ ಇದೆ, ಆದರೆ ಗರ್ಭ ಇನ್ನೂ ನಿಂತಿದೆ ಎಂದು ಅರ್ಥ. ಇಂಥ ಎಷ್ಟೋ ತಾಯಂದಿರು ಮುಂದೆ ದಿನ ತುಂಬಿ ಹೆರುತ್ತಾರೆ. ಆ ಇಂಗ್ಲಿಷ್ ಪದಕ್ಕೆ 'ಬೆದರಿಕೆ' ಎಂಬ ಅರ್ಥವೂ ಇರುವುದರಿಂದ, ಸೊಸೆಗೆ ಯಾರೋ ಬೆದರಿಕೆ ಹಾಕಿ ಗರ್ಭ ತೆಗೆಸಲು ಹೊರಟಿದ್ದರು ಎಂದು ಓದಿಕೊಂಡರೆ ಆ ಮನೆಯ ಗತಿ ಏನು?

'ಇನ್‌ಕಂಪ್ಲೀಟ್ ಅಬಾರ್ಷನ್' ಎಂದರೆ ಗರ್ಭ ಇಳಿದಿದೆ, ಆದರೆ ಮಾಸಿನ ಚೂರುಗಳು ಒಳಗೇ ಉಳಿದಿವೆ. ಅವನ್ನು ತೆಗೆಯದಿದ್ದರೆ ರಕ್ತ ನಿಲ್ಲದೆ, ನಂಜಾಗಿ, ತಾಯಿಯ ಪ್ರಾಣಕ್ಕೇ ಅಪಾಯ.

'ಮಿಸ್ಡ್ ಅಬಾರ್ಷನ್' ಎಂಬುದು ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವ ಪದ. ಮಗುವಿನ ಹೃದಯ ಒಳಗೇ ನಿಂತುಹೋಗಿದೆ, ಆದರೆ ತಾಯಿಯ ದೇಹಕ್ಕೆ ಅದು ಇನ್ನೂ ತಿಳಿದಿಲ್ಲ. ರಕ್ತವಿಲ್ಲ, ನೋವಿಲ್ಲ. ಸ್ಕ್ಯಾನಿಗೆಂದು ಹೋದಾಗ ಮಾತ್ರ ಗೊತ್ತಾಗುತ್ತದೆ. ತಾಯಿ ಏನನ್ನೋ 'ಮಿಸ್' ಮಾಡಿದರು, ಮಾತ್ರೆ ತಪ್ಪಿಸಿದರು ಎಂಬ ಅರ್ಥ ಅದಕ್ಕಿಲ್ಲ.

ಇನ್ನು ಎರಡನೇ, ಮೂರನೇ ಬಸಿರಿನಲ್ಲಿ ಚೀಟಿಯ ತಲೆಯ ಮೇಲೆ ಬರೆಯುವ ಲೆಕ್ಕವನ್ನೂ ನೋಡಿ: ಜಿ3 ಪಿ1 ಎಲ್1 ಎ1. ಇದು ಮೂರನೇ ಬಸಿರು, ಒಂದು ಹೆರಿಗೆ ಆಗಿದೆ, ಒಂದು ಮಗು ಬದುಕಿದೆ, ಒಂದು ಗರ್ಭ ದಿನ ತುಂಬದೆ ಹೋಗಿದೆ ಎಂದು ಅದರ ಅರ್ಥ. ಆ 'ಎ' ಎಂಬ ಅಕ್ಷರ ತಾನಾಗಿ ಹೋದದ್ದನ್ನೂ ಮಾಡಿಸಿದ್ದನ್ನೂ ಒಟ್ಟಿಗೇ ಎಣಿಸುತ್ತದೆ. ವೈದ್ಯರಿಗೆ ಬೇಕಾದದ್ದು ಗರ್ಭಕೋಶದ ಚರಿತ್ರೆ. ಆತ್ಮದ ಚರಿತ್ರೆಯನ್ನು ಅವರು ಬರೆಯುತ್ತಿಲ್ಲ, ಬರೆಯಲು ಅವರಿಂದ ಆಗುವುದೂ ಇಲ್ಲ.

ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ 10ರಿಂದ 15 ಹೀಗೆ ದಿನ ತುಂಬುವ ಮೊದಲೇ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಮಗುವಿನ ಕ್ರೋಮೋಸೋಮುಗಳ ಲೆಕ್ಕ ಮೊದಲ ದಿನವೇ ತಪ್ಪಿರುವುದು. ತಾಯಿ ತುಂಬಿದ ಕೊಡ ಎತ್ತಿದ್ದಾಗಲಿ, ಬಸ್ಸಿನಲ್ಲಿ ಬಂದದ್ದಾಗಲಿ, ಊರಿನ ಯಾರೋ ನೋಡಿದ ನೋಟವಾಗಲಿ ಅದನ್ನು ತಿದ್ದುವಂತಿರಲಿಲ್ಲ, ಕೆಡಿಸುವಂತೆಯೂ ಇರಲಿಲ್ಲ.

ಪದದ ಹುಟ್ಟು

ಈ ಪದ ಹುಟ್ಟಿದ್ದು ನಮ್ಮ ಧರ್ಮಸಭೆಯ ಹಳೆಯ ಭಾಷೆಯಾದ ಲತೀನಿನಲ್ಲಿ. ಅಲ್ಲಿ 'ಒರಿರಿ' ಎಂದರೆ ಉದಯಿಸು, ಹುಟ್ಟು. 'ಅಬೊರಿರಿ' ಎಂದರೆ ಉದಯಿಸದೆ ಮರೆಯಾಗು. ಮೋಡದ ಹಿಂದೆಯೇ ಮುಳುಗಿದ ನಕ್ಷತ್ರದಂತೆ. ಅದರೊಳಗೆ ಯಾರದೇ ಕೈವಾಡದ ಸೂಚನೆ ಇರಲಿಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ, ಪುನರುತ್ಥಾನರಾದ ಪ್ರಭು ಕಟ್ಟಕಡೆಗೆ ತಮಗೂ ಕಾಣಿಸಿಕೊಂಡರು ಎನ್ನುವಾಗ ತಮ್ಮನ್ನು ದಿನ ತುಂಬದೆ ಬಿದ್ದ ಕೂಸಿಗೆ ಹೋಲಿಸಿಕೊಳ್ಳುತ್ತಾರೆ. ಲತೀನ್ ಬೈಬಲಿನಲ್ಲಿ ಅಲ್ಲಿ ಇರುವುದು ಇದೇ ಬೇರಿನ ಪದ. ಧರ್ಮಸಭೆಯ ಕಾನೂನು ಸಂಹಿತೆಯ 871ನೇ ಕಲಮು, ದಿನ ತುಂಬದೆ ಹೊರಬಂದ ಭ್ರೂಣಕ್ಕೆ ಜೀವವಿದ್ದರೆ ಸಾಧ್ಯವಾದ ಮಟ್ಟಿಗೆ ಜ್ಞಾನಸ್ನಾನ ಕೊಡಬೇಕು ಎನ್ನುತ್ತದೆ. ಅಲ್ಲಿಯೂ ಲತೀನಿನಲ್ಲಿ ಇದೇ ಪದವೇ ಇದೆ. ಒಬ್ಬ ಅಪೊಸ್ತಲರು ತಮ್ಮನ್ನು ಕರೆದುಕೊಂಡ ಪದ, ಜ್ಞಾನಸ್ನಾನಕ್ಕೆ ಅರ್ಹವಾದ ಕೂಸಿಗೆ ಧರ್ಮಸಭೆ ಇಟ್ಟ ಪದ, ಅದು ತನ್ನಷ್ಟಕ್ಕೆ ಬೈಗುಳ ಹೇಗಾದೀತು?

ಕಾಲಕ್ರಮದಲ್ಲಿ ಜನರ ಬಾಯಲ್ಲಿ ಆ ಪದ 'ಬೇಕೆಂದು ತೆಗೆಸುವುದು' ಎಂಬ ಅರ್ಥಕ್ಕೆ ಅಂಟಿಕೊಂಡಿತು. ವೈದ್ಯರ ಕಾಗದದಲ್ಲಿ ಮಾತ್ರ ಹಳೆಯ ಅರ್ಥವೇ ಉಳಿಯಿತು. ಈ ಅಂತರ ತಾಯಂದಿರನ್ನು ನೋಯಿಸುತ್ತದೆ ಎಂಬುದನ್ನು ವೈದ್ಯರೂ ಕಂಡಿದ್ದಾರೆ. 1985ರಲ್ಲಿ ಬ್ರಿಟನ್ನಿನ ಕೆಲವು ವೈದ್ಯರು 'ದಿ ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದು, ತಾನಾಗಿ ಆದ ನಷ್ಟಕ್ಕೆ ಬೇರೆ ಪದ ಬಳಸೋಣ ಎಂದು ಕೇಳಿಕೊಂಡರು. ಅಲ್ಲಿ ಮೆಲ್ಲಗೆ 'ಮಿಸ್‌ಕ್ಯಾರೇಜ್' ಎಂಬ ಪದ ರೂಢಿಗೆ ಬಂತು. ನಮ್ಮ ಕಡೆಯ ಫೈಲುಗಳಲ್ಲಿ ಇನ್ನೂ ಹಳೆಯ ಪದವೇ ಓಡಾಡುತ್ತಿದೆ.

ನಮ್ಮ ಮಾತಿನಲ್ಲೇ ಇರುವ ವಿವೇಕ

ಕನ್ನಡದ 'ಗರ್ಭಪಾತ' ಎಂಬ ಪದವೂ ಇದೇ ತೊಂದರೆಗೆ ಸಿಕ್ಕಿದೆ. ಆಯುರ್ವೇದದಲ್ಲಿ ನಾಲ್ಕನೇ ತಿಂಗಳವರೆಗೆ ಹೋದದ್ದು ಗರ್ಭಸ್ರಾವ, ಐದು ಆರನೇ ತಿಂಗಳಲ್ಲಿ ಹೋದದ್ದು ಗರ್ಭಪಾತ. ಒಂದು ಸೋರಿದ್ದು, ಇನ್ನೊಂದು ಬಿದ್ದದ್ದು. ಎರಡೂ ತಾವಾಗಿ ಆದವು. ಈಗ ನಮ್ಮ ಪ್ರಬೋಧನೆಗಳಲ್ಲಿ, ಪತ್ರಿಕೆಗಳಲ್ಲಿ ಗರ್ಭಪಾತ ಎಂದರೆ ಮಾಡಿಸಿದ್ದು ಎಂದೇ ಅರ್ಥವಾಗಿಬಿಟ್ಟಿದೆ.

ಆದರೆ ಓದು ಬರಹ ತಿಳಿಯದ ನಮ್ಮ ಅಜ್ಜಿಯರ ಮಾತನ್ನು ಕೇಳಿ. 'ಬಸಿರು ನಿಲ್ಲಲಿಲ್ಲ' ಎನ್ನುತ್ತಾರೆ. 'ದಿನ ತುಂಬೋ ಮುಂಚೆ ಹೋಯ್ತು' ಎನ್ನುತ್ತಾರೆ. ಬೇಕೆಂದೇ ಮಾಡಿದ್ದಾದರೆ 'ತೆಗೆಸಿದಳು' ಎನ್ನುತ್ತಾರೆ. ಇಂಗ್ಲಿಷ್ ಪದವನ್ನು ಬಾಯಿಗೆ ಹಾಕಿಕೊಂಡಾಗಲೂ 'ಅಬಾರ್ಷನ್ ಆಯ್ತು' ಎಂಬುದೇ ಬೇರೆ, 'ಅಬಾರ್ಷನ್ ಮಾಡಿಸಿದರು' ಎಂಬುದೇ ಬೇರೆ. ನಾಮಪದ ಒಂದೇ ಇದ್ದರೂ ಕ್ರಿಯಾಪದ ಎರಡನ್ನೂ ಬೇರ್ಪಡಿಸಿ ಇಡುತ್ತದೆ. ತಮಿಳಿನವರಿಗೂ ಈ ವಿವೇಕ ಇದೆ. ತಾನಾಗಿ ಹೋದದ್ದು ಅವರಿಗೆ 'ಕರುಚ್ಚಿದೈವು', ಹೋಗಿಸಿದ್ದು 'ಕರುಕ್ಕಲೈಪ್ಪು'. ಆಸ್ಪತ್ರೆಯಲ್ಲಿ ನರ್ಸಮ್ಮ ಇವೆರಡರಲ್ಲಿ ಯಾವ ಪದ ಹೇಳಿದರು ಎಂದು ಕಿವಿಗೊಟ್ಟು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಧರ್ಮಸಭೆಯ ಬೋಧನೆ ನಿಂತಿರುವುದೂ ಈ ಕ್ರಿಯಾಪದದ ಮೇಲೆಯೇ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1857ನೇ ಪರಿಚ್ಛೇದದ ಪ್ರಕಾರ ಒಂದು ಪಾಪ ಮಾರಕವಾಗಬೇಕಾದರೆ ಮೂರು ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂಬ ಪೂರ್ಣ ಅರಿವಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು. ತಾಯಿಯ ಹೊಟ್ಟೆಯಲ್ಲಿ ತಾನಾಗಿ ನಿಂತ ಹೃದಯಕ್ಕೆ ಅರಿವಿನ ಮಾತೂ ಇಲ್ಲ, ಒಪ್ಪಿಗೆಯ ಮಾತೂ ಇಲ್ಲ. ಅಲ್ಲಿ ಕೃತ್ಯವೇ ನಡೆದಿಲ್ಲ. ಗರ್ಭಪಾತಕ್ಕೆ ಬಹಿಷ್ಕಾರದ ದಂಡನೆ ವಿಧಿಸುವ ಕಾನೂನು ಸಂಹಿತೆಯ ಕಲಮು ಕೂಡ (ಹಿಂದೆ 1398, 2021ರ ಡಿಸೆಂಬರಿನಿಂದ 1397) ಅದನ್ನು ಪ್ರಯತ್ನಪಟ್ಟು ನೆರವೇರಿಸಿದವರ ಬಗ್ಗೆ ಮಾತ್ರ ಹೇಳುತ್ತದೆ. ಕಳೆದುಕೊಂಡವರ ಬಗ್ಗೆ ಅದು ಒಂದು ಮಾತೂ ಆಡುವುದಿಲ್ಲ.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದಿಂದ ಆಯಿತು, ಇವನದೋ ಇವನ ಹೆತ್ತವರದೋ ಎಂದು ಕೇಳಿದರು. ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಎಂದರು ಯೇಸುಸ್ವಾಮಿ. ಮಗು ಕಳೆದುಕೊಂಡ ಮನೆಯ ಬಾಗಿಲಲ್ಲಿ ನಿಂತು ನಾವು ಈಗಲೂ ಶಿಷ್ಯರ ಪ್ರಶ್ನೆಯನ್ನೇ ಕೇಳುತ್ತೇವೆ. ಉತ್ತರ ಆಗಲೇ ಬಂದಿದೆ.

ಡಿ ಅಂಡ್ ಸಿ, ಕೊಳವೆಯ ಗರ್ಭ

ಇಲ್ಲಿ ಒಂದು ಸಂದೇಹ ಏಳುತ್ತದೆ. ಗರ್ಭ ತಾನಾಗಿ ಹೋದದ್ದು ಸರಿ, ಆಮೇಲೆ ಆಸ್ಪತ್ರೆಯಲ್ಲಿ 'ಕ್ಲೀನ್' ಮಾಡಿದರಲ್ಲ, ಮಾತ್ರೆ ಕೊಟ್ಟರಲ್ಲ, ಅದಕ್ಕೆ ನಾನು ಸಹಿ ಹಾಕಿದೆನಲ್ಲ ಎಂದು ಕೇಳುವವರಿದ್ದಾರೆ. ಮಗುವಿನ ಜೀವ ಹೋದ ಮೇಲೆ ಉಳಿದದ್ದನ್ನು ತೆಗೆಯುವ ಡಿ ಅಂಡ್ ಸಿ ತಾಯಿಗೆ ಮಾಡುವ ಚಿಕಿತ್ಸೆ. ಅದರಲ್ಲಿ ಯಾವ ದೋಷವೂ ಇಲ್ಲ. ಗರ್ಭ ತೆಗೆಸಲು ಬಳಸುವ ಸಾಧನ, ಮಾತ್ರೆಗಳೇ ಇಲ್ಲಿಯೂ ಬಳಕೆಯಾಗುತ್ತವೆ ಎಂಬುದರಿಂದ ಕೃತ್ಯ ಒಂದೇ ಆಗುವುದಿಲ್ಲ. ತರಕಾರಿ ಹೆಚ್ಚುವ ಚಾಕುವಿನಿಂದ ಕೊಲೆಯೂ ಆದೀತು. ಚಾಕು ಒಂದೇ ಎಂದು ಅಡುಗೆಯವರನ್ನು ಕೊಲೆಗಾರರೆನ್ನುತ್ತೇವೆಯೇ?

ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: 'ಮಗುವಿನ ಹೃದಯ ಬಡಿತ ಇದೆಯೇ?' ತಮಿಳಿನಲ್ಲೋ ಕನ್ನಡದಲ್ಲೋ, ಧೈರ್ಯವಾಗಿ ಕೇಳಿ. ತೀರ ಚಿಕ್ಕ ಗರ್ಭವಾಗಿದ್ದು ಸಂದೇಹವಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳುವುದು ವೈದ್ಯರಲ್ಲೂ ರೂಢಿಯಲ್ಲಿದೆ. ರಕ್ತಸ್ರಾವ ಜೋರಾಗಿದ್ದರೆ ಮಾತ್ರ ತಡಮಾಡುವಂತಿಲ್ಲ.

ಇದಕ್ಕಿಂತ ಕಷ್ಟದ ಸಂಗತಿ 'ಎಕ್ಟೋಪಿಕ್' ಎಂಬುದು. ಗರ್ಭಕೋಶದಲ್ಲಿ ಕೂರಬೇಕಾದ ಗರ್ಭ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ, ಕೂತುಬಿಡುತ್ತದೆ. ನೂರು ಬಸಿರುಗಳಲ್ಲಿ ಒಂದೋ ಎರಡೋ ಹೀಗಾಗುತ್ತವೆ. ಆ ಸಣ್ಣ ಕೊಳವೆಯಲ್ಲಿ ಮಗು ಬೆಳೆದು ಬದುಕಲು ಸಾಧ್ಯವಿಲ್ಲ. ಕೊಳವೆ ಒಡೆದರೆ ಹೊಟ್ಟೆಯೊಳಗೆ ರಕ್ತ ಸೋರಿ ತಾಯಿಯೂ ಉಳಿಯುವುದಿಲ್ಲ. ಘಾಟಿ ಇಳಿದು ಆಸ್ಪತ್ರೆ ಸೇರಬೇಕಾದ ನಮಗೆ ಇಲ್ಲಿ ಒಂದೊಂದು ಗಳಿಗೆಯೂ ಮುಖ್ಯ. ಬಸಿರಿನ ಮೊದಲ ವಾರಗಳಲ್ಲಿ ಒಂದು ಪಕ್ಕಕ್ಕೆ ಹೊಟ್ಟೆನೋವು, ತಲೆಸುತ್ತು, ಕಪ್ಪುರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಹಾಳಾದ ಕೊಳವೆಯನ್ನು ತೆಗೆದುಹಾಕುವುದನ್ನು ಕಥೋಲಿಕ ನೀತಿಶಾಸ್ತ್ರಜ್ಞರು ಬಹುಕಾಲದಿಂದ ಒಪ್ಪಿದ್ದಾರೆ. ಒಂದೇ ಕೃತ್ಯಕ್ಕೆ ಎರಡು ಪರಿಣಾಮ ಇರಬಹುದು, ಅದರಲ್ಲಿ ಒಂದನ್ನು ಬಯಸಿ ಇನ್ನೊಂದನ್ನು ಬಯಸದೆ ಸಹಿಸಿಕೊಳ್ಳಬಹುದು ಎಂಬ ಈ ವಿಚಾರದ ಬೇರು ಸಂತ ಥಾಮಸ್ ಅಕ್ವಿನಾಸರ ಬರಹದಲ್ಲಿದೆ. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೇ ಪಿಯೂಸರು ಕುಟುಂಬ ಸಂಘಟನೆಗಳವರ ಮುಂದೆ ಮಾತನಾಡುತ್ತಾ, ನಿರಪರಾಧಿಯ ಜೀವದ ಮೇಲೆ 'ನೇರ' ದಾಳಿ ಎಂಬ ಪದವನ್ನು ತಾವು ಬೇಕೆಂದೇ ಬಳಸುತ್ತಿರುವುದಾಗಿ ವಿವರಿಸಿದರು. ತಾಯಿಯನ್ನು ಉಳಿಸುವ ಚಿಕಿತ್ಸೆಯಲ್ಲಿ ಯಾರೂ ಬಯಸದೆ, ಬೇರೆ ದಾರಿಯಿಲ್ಲದೆ ಮಗುವಿನ ಜೀವ ಹೋದರೆ ಅದು ನೇರ ದಾಳಿಯಾಗದು ಎಂಬುದು ಅವರ ಮಾತಿನ ತಾತ್ಪರ್ಯ. ಜಗದ್ಗುರುಗಳೇ ಒಂದು ವಿಶೇಷಣವನ್ನು ಇಷ್ಟು ಜೋಪಾನವಾಗಿ ಬಳಸಿದ್ದಾರೆ. ಜಗಲಿಯಲ್ಲಿ ಕೂತು ಮಾತಾಡುವ ನಾವು ಎಷ್ಟು ಜೋಪಾನವಾಗಿರಬೇಕು?

ವಾರಗಳ ಲೆಕ್ಕ

ಅರ್ಥ ತಿಳಿಯದೆ ಮನೆ ಒಡೆಯುವ ಇನ್ನೊಂದು ವಿಷಯ ವಾರಗಳ ಲೆಕ್ಕ. ನಮ್ಮ ಎಷ್ಟೋ ಗಂಡಸರು ತಿರುಪ್ಪೂರು, ಕೊಯಮತ್ತೂರು, ಬೆಂಗಳೂರುಗಳಲ್ಲಿ ದುಡಿಯುತ್ತಾರೆ. ಒಬ್ಬರು ಕ್ರಿಸ್ಮಸ್ಸಿಗೆಂದು ಡಿಸೆಂಬರ್ 20ಕ್ಕೆ ಮನೆಗೆ ಬಂದರು ಎನ್ನಿ. ಜನವರಿ 28ಕ್ಕೆ ಹೆಂಡತಿಗೆ ಸ್ಕ್ಯಾನ್ ಆಯಿತು. ಚೀಟಿಯಲ್ಲಿ '7 ವಾರ' ಎಂದಿದೆ. ಇವರು ಬಂದು ಐದೂವರೆ ವಾರವಷ್ಟೇ. ಬೆರಳು ಮಡಿಸಿ ಎಣಿಸುವ ನೆರೆಯವರಿಗೆ ಇಷ್ಟು ಸಾಕು.

ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಸಾಮಾನ್ಯವಾಗಿ ಅದಾದ ಎರಡು ವಾರಕ್ಕೆ. ಚೀಟಿಯ 7 ವಾರ ಎಂದರೆ ಗರ್ಭ ನಿಂತು ಸುಮಾರು 5 ವಾರ. ಅಂದರೆ ಗರ್ಭ ನಿಂತದ್ದು ಕ್ರಿಸ್ಮಸ್ ಹೊತ್ತಿಗೆ. ಹೆರಿಗೆಯ ದಿನಕ್ಕೆ ಹೇಳುವ 40 ವಾರ, 280 ದಿನದ ಲೆಕ್ಕವೂ ಮುಟ್ಟಿನ ದಿನದಿಂದಲೇ. ಈ ಒಂದು ಸಂಗತಿ ತಿಳಿಯದೆ ನಿರಪರಾಧಿ ಹೆಣ್ಣಿನ ಮೇಲೆ ಮಾತು ಹೊರಿಸಿದರೆ ಅದು ಸುಳ್ಳು ಸಾಕ್ಷಿ, ಎಂಟನೇ ಕಟ್ಟಳೆಯ ಉಲ್ಲಂಘನೆ.

ಸಂತ ಜೋಸೆಫರ ಮುಂದೆಯೂ ಅರ್ಥವಾಗದ ಒಂದು ಬಸಿರು ಇತ್ತು. ಅವರಿಗೆ ಇನ್ನೂ ಯಾವ ವಿವರಣೆಯೂ ಸಿಕ್ಕಿರಲಿಲ್ಲ. ಆದರೂ ಮರಿಯಮ್ಮನವರನ್ನು ಊರ ಮುಂದೆ ಅವಮಾನಕ್ಕೆ ಗುರಿಮಾಡಲು ಅವರು ಒಪ್ಪಲಿಲ್ಲ. ದೇವದೂತರು ಬಂದು ತಿಳಿಸಿದ್ದು ಆಮೇಲೆ. ಮತ್ತಾಯರು ಅವರನ್ನು ನೀತಿವಂತರೆಂದು ಕರೆದದ್ದು ಅರ್ಥ ತಿಳಿಯುವ ಮೊದಲೇ ತೋರಿದ ಈ ತಾಳ್ಮೆಗಾಗಿ.

ಸಹಿ ಹಾಕುವ ಮುನ್ನ

ಅರಿವಿಲ್ಲದೆ ಆದದ್ದರಲ್ಲಿ ಪಾಪವಿಲ್ಲ ಎಂದ ಮೇಲೆ, ತಿಳಿದುಕೊಳ್ಳದೆ ಇರುವುದೇ ಲೇಸು ಎಂದು ಯಾರೂ ಭಾವಿಸಬಾರದು. ತಿಳಿಯಲು ಅವಕಾಶವಿದ್ದೂ ಬೇಕೆಂದು ಕಣ್ಣು ಮುಚ್ಚಿಕೊಳ್ಳುವುದು ಬೇರೆಯೇ ವಿಷಯ. ಹೆರಿಗೆ ನೋವಿನ ನಡುವೆ ಮುಂದೆ ಬಂದ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುವ ತಾಯಿಗೆ ಅವಕಾಶ ಎಲ್ಲಿರುತ್ತದೆ? ಆದ್ದರಿಂದ ಏಳನೇ ಎಂಟನೇ ತಿಂಗಳಲ್ಲೇ ಗಂಡ ಹೆಂಡತಿ ಕೂತು ಕೆಲವು ಪದಗಳನ್ನು ತಿಳಿದುಕೊಳ್ಳಿ. 'ಎಲ್.ಎಸ್.ಸಿ.ಎಸ್.' ಎಂದರೆ ಸಿಸೇರಿಯನ್ ಆಪರೇಷನ್. ಅದರ ಪಕ್ಕದಲ್ಲಿ 'ಪಿ.ಎಸ್.' ಅಥವಾ 'ಸ್ಟೆರಿಲೈಸೇಷನ್' ಎಂದಿದ್ದರೆ ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಷನ್ ಕೂಡ ಸೇರಿದೆ ಎಂದು ಅರ್ಥ. ಹೆರಿಗೆಯಾದ ಕೂಡಲೇ ಕಾಪರ್-ಟಿ ಹಾಕುವ ಪದ್ಧತಿಯೂ ಇದೆ. ಇವುಗಳ ಬಗ್ಗೆ ಧರ್ಮಸಭೆಯ ಬೋಧನೆ ಏನೆಂದು ನಿಮಗೆ ತಿಳಿದಿದೆ. ಸಿಸೇರಿಯನ್ನಿಗೆ ಒಪ್ಪಿದ ಮಾತ್ರಕ್ಕೆ ಇವಕ್ಕೂ ಒಪ್ಪಿದಂತಲ್ಲ. ಬೇಡವೆನ್ನುವ ಹಕ್ಕು ನಿಮಗಿದೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಪರೀಕ್ಷೆಗೆಂದು ಹೋದ ಮಹಿಳೆ ಅರಿವಳಿಕೆಯಲ್ಲಿ ಇದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟಿತು. ಜೀವಾಪಾಯದ ತುರ್ತು ಇಲ್ಲದಿದ್ದಾಗ ವಯಸ್ಸಿಗೆ ಬಂದ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ಏನು ಮಾಡುತ್ತೇವೆಂದು ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯಬೇಕು ಎಂದಿತು. ಅರಿವಿಲ್ಲದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬಲ್ಲಿ ನ್ಯಾಯಾಲಯವೂ ಧರ್ಮೋಪದೇಶವೂ ಒಂದೇ ಮಾತಾಡುತ್ತವೆ. ಹಿಂದೆ ಅರ್ಥವಾಗದೆ ಸಹಿ ಹಾಕಿ ಈಗ ಕೊರಗುತ್ತಿರುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

ಪದವನ್ನು ಮೆದುಮಾಡಿದರೆ ಪಾಪವೂ ಹಗುರವಾಗದೇ?

ಹೀಗೆ ಕೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ, ಅವರ ಆತಂಕದಲ್ಲಿ ಪ್ರಾಮಾಣಿಕತೆ ಇದೆ. ಹುಟ್ಟದ ಮಗುವಿನ ಜೀವ ಪವಿತ್ರ ಎಂಬ ಬೋಧನೆಯಲ್ಲಿ ಎಳ್ಳಷ್ಟೂ ಸಡಿಲಿಕೆ ಇಲ್ಲ. ಆದರೆ ಪದಗಳನ್ನು ಬೆರೆಸಿದಾಗಲೇ ಆ ಬೋಧನೆ ಮಸುಕಾಗುವುದು. ಕಳೆದುಕೊಂಡವರನ್ನೂ ತೆಗೆಸಿದವರನ್ನೂ ಒಂದೇ ಹೆಸರಿನಿಂದ ಕರೆದರೆ, ಎರಡೂ ಒಂದೇ ಎಂದು ಮಕ್ಕಳು ಕಲಿಯುತ್ತಾರೆ. ಕಳೆದುಕೊಂಡ ಕೂಸಿಗಾಗಿ ತಾಯಿಯ ಜೊತೆ ಕೂತು ಅಳುವ ಸಮುದಾಯಕ್ಕೆ ಮಾತ್ರ, ಪ್ರತಿ ಕೂಸೂ ಅಮೂಲ್ಯ ಎಂದು ಹೇಳುವ ಬಾಯಿ ಇರುತ್ತದೆ.

ಇನ್ನು ನಿಜವಾಗಿಯೂ ಮಾಡಿಸಿದವರು, ಗಂಡನ ಮನೆಯವರ ಬಲವಂತಕ್ಕೋ ಹೆದರಿಕೆಗೋ ಒಪ್ಪಿದವರು ಇದನ್ನು ಓದುತ್ತಿರಬಹುದು. ನಿಮಗೂ ಬಾಗಿಲು ತೆರೆದಿದೆ. 2016ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಈ ಪಾಪಕ್ಕೆ ಕ್ಷಮೆ ನೀಡುವ ಅಧಿಕಾರವನ್ನು ಎಲ್ಲ ಗುರುಗಳಿಗೂ ವಿಸ್ತರಿಸಿದರು. ಪಾಪನಿವೇದನೆಗೆ ನಿಮ್ಮ ಊರಿನ ಗುರುಗಳ ಬಳಿಗೇ ಬರಬಹುದು. ಅಲ್ಲಿ ಮುಖ್ಯವಾಗುವುದು ನೀವು ಆಡುವ ಮಾತು. ಆಸ್ಪತ್ರೆಯ ಚೀಟಿಯನ್ನು ಯಾರೂ ಕೇಳುವುದಿಲ್ಲ.

ನಾವು ಮಾಡಬಹುದಾದದ್ದು

ಸಮುವೇಲನ ಮೊದಲನೆಯ ಗ್ರಂಥದಲ್ಲಿ ಹನ್ನಳು ಮಗುವಿಗಾಗಿ ದೇವಸನ್ನಿಧಿಯಲ್ಲಿ ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಾ ಅಳುತ್ತಿದ್ದರು. ಯಾಜಕ ಏಲಿ ದೂರದಿಂದ ನೋಡಿ ಕುಡಿದಿದ್ದಾಳೆ ಎಂದುಕೊಂಡರು. ಹನ್ನಳು ತಮ್ಮ ದುಃಖ ಹೇಳಿಕೊಂಡ ಮೇಲೆ ಅವರು ಹಟ ಹಿಡಿಯಲಿಲ್ಲ, ಸಮಾಧಾನದಿಂದ ಹೋಗು ಎಂದು ಹರಸಿದರು. ತಪ್ಪಾಗಿ ಓದುವುದು ಯಾಜಕರಿಗೂ ತಪ್ಪಿದ್ದಲ್ಲ. ಕೇಳಿಸಿಕೊಂಡು ತಿದ್ದಿಕೊಳ್ಳುವುದು ದೊಡ್ಡದು.

ನಮ್ಮ ಧರ್ಮಕೇಂದ್ರದ ಮನೆಗಳಲ್ಲಿ ನರ್ಸಿಂಗ್ ಓದಿದ ಹೆಣ್ಣುಮಕ್ಕಳಿದ್ದಾರೆ, ತಮಿಳು ಇಂಗ್ಲಿಷ್ ಎರಡೂ ಬಲ್ಲ ಯುವಜನರಿದ್ದಾರೆ. ಬಸುರಿಯೊಬ್ಬರು ಘಾಟಿ ಇಳಿಯುವಾಗ ಅಂಥ ಒಬ್ಬರು ಜೊತೆಗೆ ಹೋಗಲಿ. ಫೈಲಿನಲ್ಲಿ ಇರುವುದನ್ನು ಆ ತಾಯಿಗೆ ಮಾತ್ರ, ಗುಟ್ಟಾಗಿ, ಅವರ ಮಾತಿನಲ್ಲಿ ಬಿಡಿಸಿ ಹೇಳಲಿ. ಆಮೇಲೆ ಮರೆತುಬಿಡಲಿ. ಹಸಿದವರಿಗೆ ಉಣಬಡಿಸಿದಷ್ಟೇ ದೊಡ್ಡ ಕರುಣೆಯ ಕಾರ್ಯ ಇದು.

ಮಗು ಕಳೆದುಕೊಂಡ ಮನೆಗೆ ಹೋದಾಗ 'ಇನ್ನೊಂದು ಆಗುತ್ತೆ ಬಿಡಿ' ಎನ್ನಬೇಡಿ, 'ಏನು ತಿಂದಿದ್ದೆ?' ಎಂದು ವಿಚಾರಣೆ ಮಾಡಬೇಡಿ. ಹೋದದ್ದು ಮಗು, ಅವರು ತಾಯಿ ಎಂದು ಒಪ್ಪಿಕೊಂಡರೆ ಅದೇ ಸಮಾಧಾನ. ಹುಟ್ಟಿದ ಕೂಸಿಗೆ ಪ್ರಾಣಾಪಾಯವಿದ್ದು ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ, ನರ್ಸಾಗಲಿ ಅಜ್ಜಿಯಾಗಲಿ, ಯಾರಾದರೂ ಸರಿ, ನೀರೆರೆದು ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡಬಹುದು. ಕೊಡುವ ಮುನ್ನವೇ ಕೂಸು ಹೋದರೆ, ಕೊಡಿಸುವ ಮನಸ್ಸು ಹೆತ್ತವರಿಗಿದ್ದಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಂದ ಕ್ರೈಸ್ತ ಅಂತ್ಯಕ್ರಿಯೆ ನಡೆಸಬಹುದೆಂದು ಕಾನೂನು ಸಂಹಿತೆಯ 1183ನೇ ಕಲಮು ಹೇಳುತ್ತದೆ. ಗುರುಗಳನ್ನು ಕೇಳಲು ಸಂಕೋಚ ಬೇಡ. ಜ್ಞಾನಸ್ನಾನ ಇಲ್ಲದೆ ಹೋದ ಕೂಸುಗಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ. ಮಕ್ಕಳನ್ನು ನನ್ನ ಬಳಿಗೆ ಬರಗೊಡಿಸಿ ಎಂದ ಯೇಸುಸ್ವಾಮಿಯ ಮಾತು ಆ ಕೂಸುಗಳಿಗೂ ಸಲ್ಲುತ್ತದೆ ಎಂಬುದು ನಮ್ಮ ಭರವಸೆ.

ಕೊನೆಯ ಬೆಂಚಿನಲ್ಲಿ ಕೂತಿರುವ ತಾಯಿಯೇ, ನಿಮ್ಮ ಕಾಗದದಲ್ಲಿರುವ ಆ ಪದ ನಿಮ್ಮ ಮೈಗೆ ಆದ ಗಾಯದ ಹೆಸರು. ನಿಮ್ಮ ಹೆಸರು ಜ್ಞಾನಸ್ನಾನದ ದಿನ ದೇವರು ಕರೆದ ಹೆಸರೇ, ಬೇರೆ ಯಾವುದೂ ಅಲ್ಲ. ಮುಂದಿನ ಭಾನುವಾರ ಎದ್ದು ಮುಂದೆ ಬನ್ನಿ. ಪಕ್ಕದಲ್ಲಿರುವವರು ದಾರಿ ಬಿಡಲಿ.

ಮಗನ ಶವವನ್ನು ಮಡಿಲಲ್ಲಿ ಇಟ್ಟುಕೊಂಡ ವ್ಯಾಕುಲಮಾತೆ ಮರಿಯಮ್ಮನವರು ನಮ್ಮ ಎಲ್ಲ ತಾಯಂದಿರಿಗಾಗಿ ಪ್ರಾರ್ಥಿಸಲಿ. ಆಮೆನ್.